ಶನಿವಾರ ಆರಿಸಿದ ವೆಲ್ಡಿಂಗ್ ಪೆಟ್ಟಿಗೆ

ಕಬ್ಬಿಣದ ವಿಷಯದಲ್ಲಿ ನನಗಿದ್ದಷ್ಟು ತಿಳಿವಳಿಕೆ ಚಾಮರಾಜಪೇಟೆಯ ಬೇರಾವ ಹೆಂಗಸಿಗೂ ಇರಲಿಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ. ಇದು ಜಂಬವಲ್ಲ. ನನ್ನ ಎಡಗಾಲು ನಡೆಯುತ್ತಿದ್ದದ್ದೇ ಕಬ್ಬಿಣದ ದಯೆಯಿಂದ. ಮೂರನೇ ವಯಸ್ಸಿನಲ್ಲಿ ಒಂದು ಜ್ವರ ಬಂತು, ಹೋಗುವಾಗ ಆ ಕಾಲಿನ ಶಕ್ತಿಯನ್ನೂ ಜೊತೆಗೆ ತೆಗೆದುಕೊಂಡು ಹೋಯಿತು. ಹನ್ನೆರಡು ತುಂಬಿದ ಮೇಲೆ ಆಸ್ಪತ್ರೆಯವರು ಒಂದು ಸಾಧನ ಮಾಡಿಸಿಕೊಟ್ಟರು. ತೊಡೆಯಿಂದ ಹಿಮ್ಮಡಿಯವರೆಗೆ ಕಾಲಿನ ಎರಡು ಪಕ್ಕಕ್ಕೂ ತೆಳ್ಳಗಿನ ಉಕ್ಕಿನ ಪಟ್ಟಿ, ನಡುನಡುವೆ ಚರ್ಮದ ಬೆಲ್ಟು, ಕೆಳಗೆ ಒಂದು ದಪ್ಪ ಬೂಟು. ಡಾಕ್ಟರರ ಬಾಯಲ್ಲಿ ಅದಕ್ಕೆ ದೊಡ್ಡ ಹೆಸರಿತ್ತು. ನಮ್ಮ ಮನೆಯಲ್ಲಿ ಅದು ಬರೀ ಪಟ್ಟಿ. ಬೆಳೆದಂತೆ ಎರಡು ಸಲ ಬದಲಾಯಿಸಿದರು. ಪಟ್ಟಿ ಕಟ್ಟಿಕೊಂಡರೆ ನಾನು ನಿಲ್ಲುತ್ತಿದ್ದೆ, ನಡೆಯುತ್ತಿದ್ದೆ, ಮೆಟ್ಟಿಲು ಹತ್ತುತ್ತಿದ್ದೆ. ಬಿಚ್ಚಿದರೆ ಚಾಪೆಯ ಮೇಲೆ ಕೂತಲ್ಲೇ ಕೂತಿರಬೇಕು.

ಪಟ್ಟಿಗೂ ಒಂದು ಚಾಳಿಯಿತ್ತು. ಪಾದದ ಗಂಟಿನ ಹತ್ತಿರ, ಉಕ್ಕು ಬೂಟಿನ ಕಡೆಗೆ ಬಾಗುವ ಜಾಗದಲ್ಲಿ, ವರ್ಷಕ್ಕೆರಡು ಮೂರು ಸಲ ಬಿರುಕು ಬಿಡುತ್ತಿತ್ತು. ಆಗ ಅದನ್ನು ಪೇಟೆಯ ಕಮ್ಮಾರಸಾಲೆಗೆ ಕಳಿಸಬೇಕು. ಅಲ್ಲಿ ಒಂದು ತಗಡಿನ ತುಂಡಿಟ್ಟು ರಿವೆಟ್ ಹೊಡೆದು ಕೊಡುತ್ತಿದ್ದರು. ಅರ್ಧ ಗಂಟೆಯ ಕೆಲಸ. ಆದರೆ ಆ ಅರ್ಧ ಗಂಟೆ ಬರುವುದಕ್ಕೆ ನಾಲ್ಕು ದಿನ ಬೇಕಾಗುತ್ತಿತ್ತು. ಗಾಡಿ ಚಕ್ರದ ಪಟ್ಟಾ ಮೊದಲು, ಗುದ್ದಲಿ ಆಮೇಲೆ, ನನ್ನ ಕಾಲು ಕೊನೆಗೆ. ಹೋಗಿ ಕೇಳಿದವರಿಗೆಲ್ಲ ನಾಳೆ ಬನ್ನಿ ಅನ್ನುತ್ತಿದ್ದರು. ಆ ನಾಲ್ಕು ದಿನ ನಾನು ಮನೆಯಲ್ಲಿ ಅಕ್ಕಿ ಆರಿಸುತ್ತ, ಬೀದಿಯಲ್ಲಿ ಹೋಗುವವರ ಕಾಲುಗಳನ್ನು ನೋಡುತ್ತ ಹಲ್ಲು ಕಡಿಯುತ್ತಿದ್ದೆ.

ಸ್ವಾತಂತ್ರ್ಯ ಬಂದು ಮೂರು ನಾಲ್ಕು ವರ್ಷವಾಗಿತ್ತು. ಬಸವನಗುಡಿಯ ಒಂದು ಹುಡುಗಿಯರ ಶಾಲೆಯಲ್ಲಿ ಜೂನ್ ತಿಂಗಳಿಂದ ನನಗೆ ಮೇಡಂ ಕೆಲಸ ಸಿಕ್ಕಿತು. ಸಿಕ್ಕಿತು ಅನ್ನುವುದೂ ಅರ್ಧ ಸುಳ್ಳೇ, ಅದು ಪರೀಕ್ಷೆಗೆ ಕೊಟ್ಟ ಕೆಲಸ. ದಸರಾ ರಜ ಮುಗಿದು ಶಾಲೆ ತೆರೆದ ದಿನ ಆಡಳಿತದವರು ಬಂದು ನನ್ನ ಪಾಠ ನೋಡುವುದು, ಒಪ್ಪಿಗೆಯಾದರೆ ಖಾಯಂ ಮಾಡುವುದು ಎಂದು ಮಾತಾಗಿತ್ತು. ಕುಂಟಿಯನ್ನು ತೆಗೆದುಕೊಂಡರೆ ಮಕ್ಕಳನ್ನು ಸಂಭಾಳಿಸುವವರು ಯಾರು ಎಂದು ಒಬ್ಬರು ಸಭೆಯಲ್ಲೇ ಕೇಳಿದ್ದರಂತೆ. ಹೆಡ್‌ಮಿಸ್ ಗಟ್ಟಿಗಿತ್ತಿ. ಅವರು ನನ್ನ ಪರವಾಗಿ ವಾದ ಮಾಡಿ, ನನ್ನನ್ನು ಕರೆದು ಹೇಳಿದರು: "ನೋಡಮ್ಮ, ನನ್ನ ಕ್ಲಾಸು ಮಹಡಿ ಮೇಲಿರಲಿ ಅಂತ ನೀನೇ ಕೇಳು. ಎಲ್ಲರ ಹಾಗೆ ಮೆಟ್ಟಿಲು ಹತ್ತು. ಎಲ್ಲರ ಹಾಗೆ ನಿಂತ್ಕೊಂಡು ಪಾಠ ಮಾಡು. ಆಮೇಲೆ ಯಾರು ಏನಂತಾರೋ ನಾನು ನೋಡ್ಕೋತೀನಿ."

ನಾನು ಹಾಗೇ ಕೇಳಿದೆ. ಹಾಗೇ ಹತ್ತಿದೆ. ಹಾಗೇ ನಿಂತೆ. ನಲವತ್ತು ಹುಡುಗಿಯರ ಎದುರು ಕಪ್ಪು ಹಲಗೆಗೆ ಬೆನ್ನು ಕೊಟ್ಟು ನಿಂತಾಗ ನನಗೆ ಆಗುತ್ತಿದ್ದ ಸಂತೋಷವನ್ನು ಎರಡು ಒಳ್ಳೆ ಕಾಲಿದ್ದವರಿಗೆ ತಿಳಿಸಿ ಹೇಳುವುದು ಕಷ್ಟ. ಆ ಕೆಲಸ ನನಗೆ ಬೇಕಿತ್ತು. ಅಷ್ಟು ಗಟ್ಟಿಯಾಗಿ ಅದಕ್ಕೆ ಮೊದಲು ನಾನು ಏನನ್ನೂ ಬಯಸಿದವಳಲ್ಲ.

ಗಣಪತಿ ಹಬ್ಬದ ಹೊತ್ತಿಗೆ ಪಟ್ಟಿ ತನ್ನ ಚಾಳಿ ತೋರಿಸಿತು. ಒಳಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು. ಕಮ್ಮಾರಸಾಲೆಗೆ ಕಳಿಸಿದರೆ ನಾಲ್ಕು ದಿನ ರಜ ಹಾಕಬೇಕು, ಪರೀಕ್ಷೆಯ ಕಾಲದಲ್ಲಿ ರಜವೆಂದರೆ ಆ ಸಭೆಯವರ ಬಾಯಿಗೆ ನಾನೇ ಸಕ್ಕರೆ ಹಾಕಿದ ಹಾಗೆ. ಅಣ್ಣ ತಂತಿ ಸುತ್ತಿ ಬಿಗಿದುಕೊಟ್ಟ. ಆಮೇಲೆ ಅವನೇ ಆ ಮಾತು ತೆಗೆದ.

ಅಣ್ಣನ ಬಗ್ಗೆ ಹೇಳಬೇಕು. ನನಗಿಂತ ನಾಲ್ಕು ವರ್ಷ ದೊಡ್ಡವನು. ಅಪ್ಪ ಹೋದ ಮೇಲೆ ಮನೆ ನಡೆಸಿದವನು. ಕಾರ್ಖಾನೆಯೊಂದರಲ್ಲಿ ತಗಡಿನ ವಿಭಾಗದಲ್ಲಿದ್ದ, ವೆಲ್ಡಿಂಗ್ ಕೈಗೆ ಹತ್ತಿತ್ತು. ಚಿಕ್ಕವಳಿದ್ದಾಗ ನನ್ನನ್ನು ಬೆನ್ನ ಮೇಲೆ ಕೂರಿಸಿಕೊಂಡು ಸ್ಕೂಲಿಗೆ ಬಿಟ್ಟವನು ಅವನು. ನಾನು ಯಾರನ್ನಾದರೂ ಕಣ್ಣು ಮುಚ್ಚಿ ನಂಬಿದ್ದರೆ ಅವನನ್ನು. ಅದಕ್ಕೇ ಈ ಕಥೆಯನ್ನು ಬರೆಯುವಾಗ ಇವತ್ತಿಗೂ ಕೈ ಬಿಗಿಯುತ್ತದೆ.

"ಒಂದು ಪುಟ್ಟ ವೆಲ್ಡಿಂಗ್ ಸೆಟ್ ಮನೇಲೇ ಇದ್ಬಿಟ್ರೆ ಏನು ತಾಪತ್ರಯ ಹೇಳು?" ಅಂದ. "ನಿನ್ ಪಟ್ಟಿ ಮುರೀತಾ, ಸಂಜೆ ಬಂದು ಬೆಸುಗೆ ಹಾಕ್ಬಿಟ್ಟೆ. ಬೆಳಿಗ್ಗೆ ನೀನು ಸ್ಕೂಲಿಗೆ. ಬಚ್ಚಲ ಹಂಡೆ, ಬಾವಿ ರಾಟೆ, ಕಿಟಕಿ ಸರಳು, ಎಲ್ಲಾ ಅದರಲ್ಲೇ ಆಗ್ಹೋಗತ್ತೆ."

"ನಾನೂ ಕಲೀಬಹುದಾ?"

"ಯಾಕಾಗಲ್ಲ? ಕಾಲಿಗೂ ವೆಲ್ಡಿಂಗಿಗೂ ಏನು ಸಂಬಂಧ? ಕೂತ್ಕೊಂಡೇ ಮಾಡೋ ಕೆಲಸ."

ಆ ಮಾತಿಗೆ ನಾನು ಹೊಟ್ಟೆತುಂಬ ನಕ್ಕೆ. ಮೂರು ವರ್ಷ ಮನೆಪಾಠ ಹೇಳಿ ಕೂಡಿಟ್ಟ ಹಣವಿತ್ತು, ಅದನ್ನು ಹಾಕುತ್ತೇನೆ ಅಂದೆ. ಅಮ್ಮ ಅದು ನಿನ್ನ ಬಳೆಗೆ ಅಂತ ಇಟ್ಟಿದ್ದು ಎಂದು ಗೊಣಗಿದಳು. ನಾನು ಕೇಳಲಿಲ್ಲ.

ಎಂಥ ಸೆಟ್ಟು ಎಂಬುದು ದೊಡ್ಡ ಚರ್ಚೆಯಾಯಿತು. ಒಂದು ವಾರ ಊಟದ ಹೊತ್ತಿಗೆಲ್ಲ ಅದೇ ಮಾತು. ಅಣ್ಣ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆದು ತೋರಿಸುತ್ತಿದ್ದ. ಕರೆಂಟಿನದು ಬೇಡ, ನಮ್ಮ ಮನೆಗೆ ಬಂದಿದ್ದ ತಂತಿ ಮೂರು ದೀಪ ಉರಿಸುವುದಕ್ಕೇ ಏದುಸಿರು ಬಿಡುತ್ತಿತ್ತು, ಜೊತೆಗೆ ಅದರ ಕಿಡಿ ತೆಳು ಉಕ್ಕನ್ನು ತೂತು ಮಾಡಿಬಿಡುತ್ತದೆ. ಗ್ಯಾಸಿನದೇ ಸರಿ. ಡಬ್ಬದಲ್ಲಿ ಕಾರ್ಬೈಡ್ ಕಲ್ಲು ಹಾಕಿ ನೀರು ಬಿಟ್ಟರೆ ಗ್ಯಾಸು ಹುಟ್ಟುತ್ತದೆ, ಮದುವೆ ಮೆರವಣಿಗೆಯ ಗ್ಯಾಸ್‌ಲೈಟಿನ ಹಾಗೆ. ಅದಕ್ಕೆ ಪಕ್ಕದ ಸಿಲಿಂಡರಿನ ಆಕ್ಸಿಜನ್ ಕೂಡಿಸಿ ಉರಿಸಿದರೆ ಉಕ್ಕೂ ಕರಗುತ್ತದೆ. ಉರಿಯ ಗಾತ್ರವನ್ನು ನಿರ್ಧರಿಸುವುದು ತುದಿಯ ನಾಜಲ್. ಸಣ್ಣ ತೂತಿನ ನಾಜಲ್ಲಿಗೆ ಸೂಜಿಯಂಥ ಉರಿ, ತೆಳು ಕೆಲಸಕ್ಕೆ ಅದು. ದಪ್ಪ ನಾಜಲ್ಲಿನ ಉರಿ ಗೇಟಿನ ಕೆಲಸಕ್ಕೆ, ನನ್ನ ಪಟ್ಟಿಯಂಥದ್ದಕ್ಕೆ ಹಿಡಿದರೆ ತಿಂದುಹಾಕುತ್ತದೆ. ಇದನ್ನೆಲ್ಲ ನನಗೆ ಹೇಳಿಕೊಟ್ಟವನು ಅಣ್ಣನೇ. ನೆಲದ ಮೇಲೆ, ಸೀಮೆಸುಣ್ಣದಲ್ಲಿ, ಎರಡೂ ಉರಿಗಳ ಚಿತ್ರ ಬರೆದು.

ಶನಿವಾರ ನಮ್ಮ ಶಾಲೆ ಅರ್ಧ ದಿನ. ಆ ಶನಿವಾರ ಮಧ್ಯಾಹ್ನ ಅಣ್ಣ ಜಟಕಾ ಮಾಡಿಕೊಂಡು ನನ್ನನ್ನು ಶಾಲೆಯಿಂದಲೇ ಕರೆದುಕೊಂಡು ಮಾರ್ಕೆಟ್ಟಿನ ಹತ್ತಿರದ ಗುಜರಿ ಸಾಲಿಗೆ ಹೋದ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಸಾಮಾನು ಅಲ್ಲಿ ಇನ್ನೂ ರಾಶಿ ರಾಶಿ ಬಿದ್ದಿತ್ತು. ಸೊಳ್ಳೆಪರದೆ, ನೀರಿನ ಬಾಟಲಿ, ಬೂಟು, ಪ್ಯಾರಾಶೂಟಿನ ಬಟ್ಟೆ. ಅಂಗಡಿಯ ಸಾಬರು ವಯಸ್ಸಾದವರು, ಬಿಳಿ ಗಡ್ಡ. ನನ್ನ ಕಾಲು ನೋಡಿ ಅಯ್ಯೋ ಅನ್ನಲಿಲ್ಲ, ಸ್ಟೂಲು ತಂದುಹಾಕಿ ಅದರ ಧೂಳನ್ನು ತಮ್ಮ ಹೆಗಲ ಬಟ್ಟೆಯಲ್ಲೇ ಒರೆಸಿದರು. ಅಷ್ಟಕ್ಕೇ ನಾನು ಅವರ ಪಕ್ಷಕ್ಕೆ ಸೇರಿಬಿಟ್ಟೆ.

ಎರಡು ಸೆಟ್ಟು ತೋರಿಸಿದರು. ಒಂದು ದೊಡ್ಡದು. ಕಾರ್ಬೈಡಿನ ಡ್ರಮ್ಮೇ ನನ್ನ ಸೊಂಟದೆತ್ತರ, ಪಕ್ಕದ ಸಿಲಿಂಡರು ನನಗಿಂತ ಸ್ವಲ್ಪ ಕುಳ್ಳು. ಇನ್ನೊಂದು ಹಸಿರು ಬಣ್ಣದ ಮರದ ಪೆಟ್ಟಿಗೆ. ಮುಚ್ಚಳ ತೆಗೆದರೆ ಒಳಗೆ ಹಾಲಿನ ಕ್ಯಾನಿನಷ್ಟು ಡಬ್ಬ, ಮೊಳದುದ್ದದ ಸಿಲಿಂಡರು, ಸುರುಳಿ ಸುತ್ತಿದ ಎರಡು ಕೊಳವೆ, ಕಪ್ಪು ಕನ್ನಡಕ, ಒಂದು ಚೀಲದಲ್ಲಿ ಮೂರು ಸಣ್ಣ ನಾಜಲ್. ಎಲ್ಲವೂ ತನ್ನ ತನ್ನ ಗೂಡಿನಲ್ಲಿ ಮಲಗಿತ್ತು. ನಾನು ಬಗ್ಗಿ ಹಿಡಿಯಲ್ಲಿ ಕೈಯಿಟ್ಟು ಎತ್ತಿದೆ. ಬಂತು. ಕೂತಲ್ಲೇ, ಒಂದೇ ಕೈಯಲ್ಲಿ ನೆಲ ಬಿಟ್ಟು ಬಂತು.

"ಇದೇ," ಅಂದೆ.

"ಗೇಟು ಗೀಟು ಇದರಲ್ಲಿ ಆಗಲ್ಲ ಕಣೇ," ಅಂದ ಅಣ್ಣ. ಅವನ ಕಣ್ಣು ದೊಡ್ಡದರ ಮೇಲಿತ್ತು. ನಾನು ಅದನ್ನು ನೋಡಿದೆ. ನೋಡಿಯೂ ಕೆಲಸ ಬಲ್ಲವನ ಆಸೆ ಅಂದುಕೊಂಡೆ, ಸೀರೆ ಅಂಗಡಿಗೆ ಹೋದ ಹೆಂಗಸು ತನಗೆ ಬೇಡದ ಜರಿಸೀರೆಯನ್ನೂ ಒಮ್ಮೆ ಮುಟ್ಟಿ ನೋಡುವ ಹಾಗೆ.

"ನಮಗ್ಯಾಕೆ ಗೇಟು? ನಮ್ಮನೇಲಿ ಗೇಟೇ ಇಲ್ವಲ್ಲ," ಅಂದೆ.

ಸಾಬರು ನಕ್ಕರು. "ತಂಗಿ ಸರಿಯಾಗಿ ಹೇಳ್ತು. ಮನೆ ರಿಪೇರಿಗೆ ಇದೇ ಮಾಲು. ಹಚ್ಚಿ ತೋರಿಸ್ಲಾ?"

ಬೇಡ ಅಂದವಳು ನಾನೇ. ಹೊಸ ಒಲೆಗೆ ಮೊದಲು ಹಾಲು ಉಕ್ಕಿಸುವ ಹಾಗೆ ಇದರ ಮೊದಲ ಬೆಂಕಿಯೂ ನಮ್ಮ ಮನೆಯಲ್ಲಿ, ಪೂಜೆಯಾದ ಮೇಲೆ ಹತ್ತಬೇಕು ಎಂದು ಅಮ್ಮ ಹೇಳಿ ಕಳಿಸಿದ್ದಳು. ಹಣ ಕೊಟ್ಟೆವು. ಸಾಬರು ಪೆಟ್ಟಿಗೆಯನ್ನು ಜಟಕಾದವರೆಗೆ ತಾವೇ ಹೊತ್ತುಕೊಂಡು ಬಂದರು. ನನ್ನ ಕಾಲಬುಡದಲ್ಲಿ ಆರಾಮವಾಗಿ ಹಿಡಿಸುತ್ತಿತ್ತು.

ಅಲ್ಲೇ ನಾನು ಮುಗ್ಗರಿಸಿದ್ದು. ಶನಿವಾರ ಕಬ್ಬಿಣವನ್ನು ಮನೆಗೆ ತರಬಾರದು. ಒಂದು ಮೊಳೆಯನ್ನೂ ತರಬಾರದು. ಇದು ನಮ್ಮಲ್ಲಿ ಅಕ್ಷರ ಕಲಿಯುವುದಕ್ಕೆ ಮೊದಲೇ ಕಲಿಯುವ ಪಾಠ. ಅಣ್ಣ ನೆನಪಿಸಲೂ ಇಲ್ಲ, ನಾನೇ ನಾಲಿಗೆ ಕಚ್ಚಿಕೊಂಡು, "ಅಯ್ಯೋ, ಇವತ್ತು ಶನಿವಾರ," ಅಂದೆ. ಸಾಬರು ಗಡ್ಡ ನೀವಿಕೊಂಡರು. ನಮ್ಮಂಥ ಗಿರಾಕಿಗಳನ್ನು ಅವರು ಎಷ್ಟು ನೋಡಿದ್ದರೋ. "ಸರಿ ತಾಯಿ, ಇಟ್ಟಿರ್ತೀನಿ. ಸೋಮವಾರ ತಗೊಂಡ್ಹೋಗಿ," ಅಂದರು. ಅಣ್ಣ ಸೋಮವಾರ ನಾನು ಬಂದು ತಗೊಂಡು ಹೋಗುತ್ತೇನೆ ಅಂದ. ಪೆಟ್ಟಿಗೆ ಒಳಗೆ ಹೋಯಿತು. ಜಟಕಾ ಹೊರಟಿತು. ಶನಿದೇವರನ್ನು ಸಂತೋಷಪಡಿಸಿದ ತೃಪ್ತಿಯಲ್ಲಿ ನಾನು ದಾರಿಯುದ್ದಕ್ಕೂ ಮಾತಾಡಿದ್ದೇ ಮಾತಾಡಿದ್ದು.

ಸೋಮವಾರ ನಾನು ಶಾಲೆಯಿಂದ ಬರುವ ಹೊತ್ತಿಗೆ ದೇವರ ಕೋಣೆಯ ಮೂಲೆಯಲ್ಲಿ ಗೋಣಿತಾಟು ಹೊದಿಸಿ, ಹಗ್ಗ ಬಿಗಿದು, ಏನೋ ಇಟ್ಟಿತ್ತು. ಅಮ್ಮ ಆಗಲೇ ಅದರ ಮೇಲೆ ಅರಿಸಿನ ಕುಂಕುಮ ಹಾಕಿದ್ದಳು. ಮುಟ್ಟಬೇಡ, ನಾಳೆಯಿಂದ ಪಕ್ಷ ಶುರು, ಪಿತೃಗಳ ಹದಿನೈದು ದಿನ ಹೊಸ ಕೆಲಸಕ್ಕೆ ಕೈ ಹಾಕುವ ಹಾಗಿಲ್ಲ, ಆಯುಧಪೂಜೆಯ ದಿನವೇ ಬಿಚ್ಚೋಣ ಅಂದಳು. ಗಂಟು ದೊಡ್ಡದಾಗಿ ಕಂಡಿತು. ಕೇಳಿದೆ.

"ಸಾಬರು ಸ್ಟ್ಯಾಂಡೂ ಸೇರಿಸಿ ಕಟ್ಟಿಕೊಟ್ಟಿದ್ದಾರೆ," ಅಂದ ಅಣ್ಣ, ಅಂಗಿಯ ತೋಳು ಮಡಿಸುತ್ತ.

ನಾನು ನಂಬಿದೆ. ಇಪ್ಪತ್ತು ದಿನಕ್ಕೂ ಮೇಲೆ ದಿನಾ ಬೆಳಿಗ್ಗೆ ದೇವರಿಗೆ ಕೈ ಮುಗಿದು, ಹಾಗೇ ಪಕ್ಕಕ್ಕೆ ತಿರುಗಿ ಆ ಗೋಣಿತಾಟಿಗೂ ಕೈ ಮುಗಿದು, ತಂತಿ ಸುತ್ತಿದ ಪಟ್ಟಿ ಕಟ್ಟಿಕೊಂಡು, ಹೆಜ್ಜೆ ಎಣಿಸಿಕೊಂಡು ಬಸವನಗುಡಿಗೆ ಹೋದೆ.

ಆಯುಧಪೂಜೆಯ ದಿನ ನಮ್ಮಲ್ಲಿ ಕತ್ತಿ, ಕುಡುಗೋಲು, ಈಳಿಗೆಮಣೆ, ಅಣ್ಣನ ಸುತ್ತಿಗೆ, ಸೈಕಲ್ಲು, ಎಲ್ಲವನ್ನೂ ತೊಳೆದು ಇಡುತ್ತಿದ್ದೆವು. ನನ್ನ ಪಟ್ಟಿಯನ್ನೂ. ಪ್ರತಿ ವರ್ಷವೂ. ಚರ್ಮದ ಬೂಟು ಬಿಚ್ಚಿ, ಉಕ್ಕನ್ನು ಹುಣಸೇಹಣ್ಣು ಹಚ್ಚಿ ಬೆಳಗಿ, ಕುಂಕುಮವಿಟ್ಟು, ಚೆಂಡುಹೂ ಸಿಗಿಸಿ ಸಾಲಿನಲ್ಲಿಡುವಳು ಅಮ್ಮ. ಪೂಜೆಗಿಟ್ಟ ಆಯುಧವನ್ನು ಆ ದಿನ ಬಳಸುವ ಹಾಗಿಲ್ಲ. ಹಾಗಾಗಿ ಆ ಒಂದು ದಿನ ನಾನು ಚಾಪೆಯ ಮೇಲೆ. ಆ ವರ್ಷ ಬೀಗರಾಗುವವರೂ ಬಂದಿದ್ದರು. ಅಣ್ಣನಿಗೆ ಮಲ್ಲೇಶ್ವರದಲ್ಲಿ ಹೆಣ್ಣು ನಿಶ್ಚಯವಾಗಿತ್ತು. ಹೆಣ್ಣಿನ ತಂದೆ ಅಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದರು.

ಅಣ್ಣ ಹಗ್ಗ ಬಿಚ್ಚಿದ. ಗೋಣಿತಾಟು ಸರಿಸಿದ. ಒಳಗಿದ್ದದ್ದು ಸೊಂಟದೆತ್ತರದ ಡ್ರಮ್ಮು. ಅದರ ಹಿಂದೆ ಗೋಡೆಗೆ ಒತ್ತಿ ಮಲಗಿಸಿದ್ದ ಸಿಲಿಂಡರು. ಹಸಿರು ಪೆಟ್ಟಿಗೆ ಇರಲಿಲ್ಲ.

ನನ್ನ ಕೈಯಲ್ಲಿ ಕುಂಕುಮದ ಬಟ್ಟಲಿತ್ತು. ಅಣ್ಣನ ಮುಖ ನೋಡಿದೆ, ಅವನು ಬೀಗರ ಮುಖ ನೋಡುತ್ತಿದ್ದ.

"ಭಾರೀ ಸೆಟ್ಟಲ್ವೇನ್ರೀ!" ಅಂದರು ಅವರು. "ನಮ್ಮನೆ ಗೇಟಿಗೆ ಇನ್ನು ಯಾರನ್ನೂ ಹುಡುಕಬೇಕಾಗಿಲ್ಲ ಬಿಡಿ."

"ನಿಮ್ಮ ಗೇಟು ನನ್ನ ಜವಾಬ್ದಾರಿ," ಅಂದ ಅಣ್ಣ. ಅಷ್ಟು ಬೇಗ, ಅಷ್ಟು ಸಲೀಸಾಗಿ ಅಂದ. ಇಬ್ಬರ ನಡುವೆ ಆ ಮಾತು ಮೊದಲೇ ಆಗಿತ್ತು ಎಂದು ತಿಳಿಯಲು ನಾನು ಬುದ್ಧಿವಂತೆಯಾಗಬೇಕಿರಲಿಲ್ಲ.

ಎದ್ದು ಹೋಗಬೇಕೆನಿಸಿತು. ಎದ್ದು ಹೋಗಲು ಬೇಕಾದದ್ದು ಹೂ ಸಿಗಿಸಿಕೊಂಡು ದೇವರ ಮುಂದೆ ಕೂತಿತ್ತು. ಅಮ್ಮ ನನ್ನ ತೋಳು ಹಿಡಿದು ಮೆಲ್ಲಗೆ ಅಂದಳು: "ಬೀಗರ ಮುಂದೆ ಏನೂ ಬಾಯಿ ಬಿಡಬೇಡ." ಹಾಗಾದರೆ ಅವಳಿಗೂ ಗೊತ್ತಿತ್ತು. ಗೋಣಿತಾಟಿನ ಒಳಗಿರುವುದು ಏನೆಂದು ಆ ಮನೆಯಲ್ಲಿ ಗೊತ್ತಿಲ್ಲದವಳು ನಾನೊಬ್ಬಳೇ. ನಾನು ಡ್ರಮ್ಮಿಗೆ ಕುಂಕುಮವಿಟ್ಟೆ. ಅದು ಸೊಟ್ಟಗೆ ಹತ್ತಿತು.

ಬೀಗರು ಹೋದ ಮೇಲೆ ಕೇಳಿದೆ. ಅಣ್ಣ ತಯಾರಾಗಿದ್ದ. "ಮನೆಗೆ ಒಂದು ವಸ್ತು ಬಂದ್ರೆ ಎಲ್ಲರಿಗೂ ಆಗಬೇಕು ಕಣೇ. ದೊಡ್ಡದರಲ್ಲಿ ಸಣ್ಣ ಕೆಲಸ ಆಗತ್ತೆ, ಸಣ್ಣದರಲ್ಲಿ ದೊಡ್ಡ ಕೆಲಸ ಆಗತ್ತಾ? ಮೇಲಿನ ಹಣ ನಾನೇ ಹಾಕಿದೀನಿ. ನಿನ್ ಪಟ್ಟಿ ಬಗ್ಗೆ ಯಾಕೆ ಹೆದರ್ಕೋತೀಯ, ನಾನಿಲ್ವಾ?" ನಾಜಲ್ ಇದೆಯಾ ಅಂದೆ. ಇದೆ ಇದೆ, ಎಲ್ಲಾ ಇದೆ ಅಂದ. ಮೋಸವಾಯಿತು ಎಂದು ಒಳಗೊಳಗೇ ಗೊತ್ತಾಗಿತ್ತು. ಆದರೂ ಅವನ ಆ 'ನಾನಿಲ್ವಾ' ಎಂಬುದಕ್ಕೆ ಜೋತುಬಿದ್ದೆ. ಬೇರೆ ಯಾರಿದ್ದರು ನನಗೆ?

ಶಾಲೆ ತೆರೆಯಲು ಇನ್ನು ಹತ್ತು ದಿನ. ವಿಜಯದಶಮಿಯ ಬೆಳಿಗ್ಗೆ ಮೊದಲ ಬೆಂಕಿ ಹತ್ತಿತು. ಪಟ್ಟಿಗಲ್ಲ. ಬೀಗರ ಮನೆಯ ಗೇಟಿನ ಅಗುಳಿಗೆ. ಮೊದಲ ಕೆಲಸ ಮಂಗಳದ್ದಾಗಿರಬೇಕು, ಕಾಲಿನ ವಸ್ತು ಮುಟ್ಟಬಾರದು ಅಂದರು. ಸರಿ ಅಂದೆ. ಮಾರನೆಯ ದಿನ ಸೆಟ್ಟು ಕೈಗಾಡಿಯ ಮೇಲೆ ಮಲ್ಲೇಶ್ವರಕ್ಕೆ ಹೋಯಿತು. ಗೇಟಾಯಿತು, ಕಿಟಕಿ ಸರಳಾಯಿತು, ಮಹಡಿ ಮೆಟ್ಟಿಲಿನ ಕಟಕಟೆಯಾಯಿತು. ಅಣ್ಣ ದಿನಾ ಸಂಜೆ ಮಸಿ ಮುಖದಲ್ಲಿ ಬಂದು ನಾಳೆ ಸೆಟ್ ತರ್ತೀನಿ ಅನ್ನುತ್ತಿದ್ದ. ನಾಲ್ಕನೇ ದಿನ ತಾಳ್ಮೆ ಕೆಟ್ಟು, ಕಮ್ಮಾರಸಾಲೆಗೇ ಕಳಿಸಿ ಅಂದೆ. ಅಣ್ಣನಿಗೆ ಸಿಟ್ಟು ಬಂತು.

"ಮನೇಲಿ ಇಷ್ಟು ದೊಡ್ಡ ಸೆಟ್ ಇಟ್ಕೊಂಡು ಪಟ್ಟಿ ಹೊರಗೆ ಕೊಟ್ರೆ ನೋಡಿದೋರು ಏನಂದ್ಕೋತಾರೆ? ಬೀಗರ ಕಿವಿಗೆ ಬಿದ್ರೆ ನನ್ನ ಮರ್ಯಾದೆ ಏನಾಗ್ಬೇಕು?"

ಅವನ ಮರ್ಯಾದೆ ಉಳಿಯಿತು. ಒಂಬತ್ತನೇ ದಿನ, ಭಾನುವಾರ ಮಧ್ಯಾಹ್ನ, ಸೆಟ್ಟು ಹಿತ್ತಲಿಗೆ ವಾಪಸು ಬಂತು. ಅಣ್ಣ ಕಪ್ಪು ಕನ್ನಡಕ ಹಾಕಿಕೊಂಡ. ತಂತಿ ಬಿಚ್ಚಿದ. ಪಟ್ಟಿಯನ್ನು ಎರಡು ಇಟ್ಟಿಗೆಯ ಮೇಲೆ ಅಡ್ಡ ಇಟ್ಟ. ನಾನು ಹಿತ್ತಲ ಬಾಗಿಲ ಹೊಸ್ತಿಲಲ್ಲಿ ಕೂತಿದ್ದೆ. ಉರಿ ಹತ್ತಿತು. ಅದು ಸೂಜಿಯಂಥ ಉರಿಯಲ್ಲ, ನೆಲದ ಮೇಲೆ ಅವನೇ ಬರೆದು ತೋರಿಸಿದ್ದ ಆ ಇನ್ನೊಂದು ಚಿತ್ರದ ಉರಿ. "ಅಣ್ಣಾ, ನಾಜಲ್ ಬದಲಾಯಿಸು," ಎಂದು ಕೂಗಿದೆ. ಗ್ಯಾಸಿನ ಸದ್ದಿಗೆ ಕೇಳಿಸಲಿಲ್ಲವೋ, ಕೇಳಿಸಿಕೊಳ್ಳಲಿಲ್ಲವೋ. ಬಿರುಕಿನ ಎರಡೂ ತುದಿ ಕೆಂಪಾಯಿತು, ಬಿಳುಪಾಯಿತು, ಮರುಕ್ಷಣ ಅಲ್ಲಿ ಉಕ್ಕೇ ಇರಲಿಲ್ಲ. ನಾಲ್ಕು ಬೆರಳಗಲ ಕರಗಿ ಇಟ್ಟಿಗೆಯ ಮೇಲೆ ತೊಟ್ಟಿಕ್ಕಿತು.

ಅಣ್ಣ ಉರಿ ಆರಿಸಿ ಕನ್ನಡಕ ತೆಗೆದ. "ಪಟ್ಟಿನೇ ಸರಿಯಿಲ್ಲ ಕಣೇ. ಒಳಗೇ ತುಕ್ಕು ಹಿಡಿದಿತ್ತು," ಅಂದ.

ಸೋಮವಾರ ಅಮ್ಮನ ಹೆಗಲು ಹಿಡಿದು, ಇನ್ನೊಂದು ಕೈಯಲ್ಲಿ ಬಿದಿರು ಕೋಲು ಹಿಡಿದು ಶಾಲೆಗೆ ಹೋದೆ. ಮಹಡಿಯ ಮೆಟ್ಟಿಲುಗಳನ್ನು ಒಂದೊಂದಾಗಿ ಕೂತು ಕೂತು ಹಿಂದುಹಿಂದಕ್ಕೆ ಹತ್ತಿದೆ. ಪ್ರಾರ್ಥನೆ ಮುಗಿಸಿ ಬಂದ ಹುಡುಗಿಯರು ಸಾಲಾಗಿ ಗೋಡೆಗೊತ್ತಿ ನಿಂತು ದಾರಿ ಬಿಟ್ಟರು. ಯಾರೂ ನಗಲಿಲ್ಲ. ನಕ್ಕಿದ್ದರೆ ಗದರಿಸಬಹುದಿತ್ತು. ಆಡಳಿತದ ಮೂವರು ಹಿಂದಿನ ಬೆಂಚಿನಲ್ಲಿ ಕೂತರು. ನಾನು ಕುರ್ಚಿಯಲ್ಲಿ ಕೂತೇ ಪಾಠ ಮಾಡಿದೆ. ಚೆನ್ನಾಗಿಯೇ ಮಾಡಿದೆ, ಅದನ್ನು ಯಾರು ಬೇಕಾದರೂ ಹೇಳಲಿ. ಆದರೆ ಕಪ್ಪು ಹಲಗೆಯ ಮೇಲೆ ಬರೆಯಬೇಕಾಗಿ ಬಂದಾಗ ಒಬ್ಬ ಹುಡುಗಿಯನ್ನು ಕರೆದು ಬರೆಸಿದೆ. ಮೂವರಲ್ಲಿ ಒಬ್ಬರು ಇನ್ನೊಬ್ಬರ ಕಡೆ ತಿರುಗಿ, ನಾನು ಹೇಳಿರಲಿಲ್ಲವೇ ಎಂಬಂತೆ ತಲೆ ಆಡಿಸಿದರು. ಸಂಜೆ ಹೆಡ್‌ಮಿಸ್ ನನ್ನನ್ನು ಕರೆಯಲಿಲ್ಲ. ಅವರೇ ಮಹಡಿ ಹತ್ತಿ ಬಂದು, ನನ್ನ ಪಕ್ಕ ಹುಡುಗಿಯರ ಬೆಂಚಿನಲ್ಲಿ ಕೂತು, "ನಾನು ಸೋತುಹೋದೆ ಕಣಮ್ಮ," ಅಂದರು. ಸೋತವಳು ನಾನು. ಅವರು ಅದನ್ನು ತಮ್ಮ ಮೇಲೆ ಹಾಕಿಕೊಂಡರು, ಅಷ್ಟು ದೊಡ್ಡ ಮನಸ್ಸು.

ಆಸ್ಪತ್ರೆಯ ಹೊಸ ಪಟ್ಟಿ ಬರುವುದಕ್ಕೆ ಎರಡು ತಿಂಗಳಾಯಿತು. ಅದನ್ನು ಕಟ್ಟಿಕೊಂಡು ನಾನು ಮೊದಲು ಹೋದದ್ದು ಗುಜರಿ ಸಾಲಿಗೆ. ಒಬ್ಬಳೇ. ಯಾಕೆ ಹೋದೆ ಎಂದು ಕೇಳಿದರೆ ಹೇಳಲಾರೆ. ಮನಸ್ಸಿನ ಒಂದು ಮೂಲೆ ಇನ್ನೂ ಅಣ್ಣನನ್ನು ಬಿಡಿಸಿಕೊಳ್ಳಲು ನೋಡುತ್ತಿತ್ತು. ಸಾಬರು ಮರೆತು ದೊಡ್ಡ ನಾಜಲ್ ಹಾಕಿ ಕೊಟ್ಟಿರಬಹುದು, ಅಣ್ಣನಿಗೆ ಗೊತ್ತಾಗದೆ ಹೋಗಿರಬಹುದು.

ಸಾಬರು ಅದೇ ಸ್ಟೂಲು ಹಾಕಿದರು. ನಾಜಲ್ ವಿಷಯ ಕೇಳಿದ್ದಕ್ಕೆ ಹೇಳಿದರು: "ಸುಳ್ಳು ಹೇಳಲ್ಲ ತಾಯಿ. ಶನಿವಾರ ಸಂಜೆನೇ ಅವರು ವಾಪಸ್ ಬಂದ್ರು. ದೊಡ್ಡದು ಕೊಡಿ ಅಂದ್ರು. ತಂಗಿ ಕಾಲಿಂದು ತೆಳು ಕೆಲಸ, ಸಣ್ಣ ನಾಜಲ್ ಒಂದು ಸೇರಿಸಿ ಕೊಡ್ತೀನಿ ತಗೊಳ್ಳಿ ಅಂತ ನಾನೇ ಕೈಗಿಟ್ಟೆ. ನೋಡಿದ್ರು. ಇದು ಬೇಡ, ಇದರ ಬದಲು ದಪ್ಪದ್ದೇ ಇನ್ನೊಂದು ಹಾಕಿ, ಅದೇ ಬೇಗ ಸವೆಯೋದು ಅಂದ್ರು."

ಸಣ್ಣ ನಾಜಲ್ ಎಷ್ಟಿತ್ತು? ನನ್ನ ಕಿರುಬೆರಳಿನಷ್ಟು. ಅಂಗಿಯ ಜೇಬಿನಲ್ಲಿ ಹಾಕಿಕೊಂಡು ಬರಬಹುದಿತ್ತು. ದೊಡ್ಡ ಸೆಟ್ಟು ತಂದದ್ದನ್ನು ನಾನು ಎಂದೋ ಮರೆಯುತ್ತಿದ್ದೆನೋ ಏನೋ. ಗಂಡಸಿಗೆ ಬೀಗರ ಮುಂದೆ ದೊಡ್ಡವನಾಗುವ ಆಸೆ ಇರುತ್ತದೆ, ಇರಲಿ. ಆದರೆ ಕೈಗೆ ಬಂದ ಆ ಕಿರುಬೆರಳಿನಷ್ಟನ್ನು ನೋಡಿ, ಅದು ಯಾರಿಗೆ ಎಂದು ತಿಳಿದು, ತಿರುಗಿ ಕೊಟ್ಟು ಬಂದನಲ್ಲ. ಅದನ್ನು ನನಗೆ ಇವತ್ತಿಗೂ ನುಂಗಲಾಗಿಲ್ಲ.

ಮನೆಗೆ ಬಂದು ನೇರವಾಗಿ ಕೇಳಿದೆ. ಅಣ್ಣ ತಪ್ಪಾಯಿತು ಅಂದಿದ್ದರೆ ಅತ್ತುಬಿಡುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಅವನು ಅಂದದ್ದು ಬೇರೆ.

"ನಿನ್ ಕೆಲಸ ಏನು ಶಾಶ್ವತನಾ? ನಾಳೆ ನನ್ನ ಕಸುಬು ಕೈಹಿಡಿದ್ರೆ ನಿನ್ನ ಕೂರಿಸಿ ಸಾಕ್ತೀನಿ."

"ನಾನು ಕೂರಿಸು ಅಂತ ಕೇಳಿದ್ನಾ?" ಅಂದೆ. ಅವನಿಗೆ ಅರ್ಥವಾಗಲಿಲ್ಲ. ಅಮ್ಮನಿಗೂ ಆಗಲಿಲ್ಲ. ಇಂಥ ಮಾತು ಹೇಳುವ ಅಣ್ಣ ಎಷ್ಟು ಜನಕ್ಕೆ ಸಿಗುತ್ತಾನೆ ಎಂದು ಅವಳು ನನ್ನನ್ನೇ ಬೈದಳು.

ಕಸುಬು ಕೈಹಿಡಿಯಿತು. ಮದುವೆಯಾದ ಮೂರನೇ ವರ್ಷ ಅಣ್ಣ ಕಾರ್ಖಾನೆ ಬಿಟ್ಟು ಶೇಷಾದ್ರಿಪುರದಲ್ಲಿ ತನ್ನದೇ ಶೆಡ್ಡು ಹಾಕಿದ. ನಾನು ಆಗ ಮನೆಯಲ್ಲಿ ಪಾಠ ಹೇಳುತ್ತಿದ್ದೆ, ಕೂತುಕೊಂಡು. ಶೆಡ್ಡಿನ ಪೂಜೆಗೆ ಬರುವುದಿಲ್ಲ ಅಂದೆ. ಅತ್ತಿಗೆ ಒಳ್ಳೆಯವಳು, ಅವಳ ಮೋರೆ ನೋಡಿ ಹೋದೆ. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿ ಕೂರಿಸಿದರು. ಮಂಗಳಾರತಿಯಾದ ಮೇಲೆ ಯಾರೋ, ನಿಮಗೆ ಈ ಕಸುಬಿನ ಹುಚ್ಚು ಹೇಗೆ ಹಿಡಿಯಿತು ಎಂದು ಅಣ್ಣನನ್ನು ಕೇಳಿದರು.

ಅಣ್ಣ ನನ್ನ ಹಿಂದೆ ಬಂದು ನಿಂತು ಕುರ್ಚಿಯ ಮೇಲೆ ಕೈಯಿಟ್ಟ. "ಇವಳಿಂದ," ಅಂದ. "ಇವಳ ಕಾಲಿನ ಪಟ್ಟಿ ಮುರೀತಾ ಇತ್ತು. ಕಮ್ಮಾರರ ಮನೆ ಬಾಗಿಲು ಕಾದು ಕಾದು ಸಾಕಾಗಿತ್ತು. ನನ್ನ ತಂಗಿ ಒಂದು ದಿನಾನೂ ಕೂತಿರಬಾರದು ಅಂತ ಹೇಳಿ ಮೊದಲ ಸೆಟ್ ತಂದೆ. ಈ ಶೆಡ್ಡು ಇವಳ ಕಾಲಿಂದ ಹುಟ್ಟಿದ್ದು."

ನಾನು ತಿರುಗಿ ಅವನ ಮುಖವನ್ನಲ್ಲ, ಕಣ್ಣನ್ನು ನೋಡಿದೆ. ಸುಳ್ಳು ಹೇಳುವಾಗ ಅಂಗಿಯ ತೋಳು ಮಡಿಸುವವನು, ಬೇರೆ ಕಡೆ ನೋಡುವವನು ಅವನು. ಆವತ್ತು ತೋಳು ಮಡಿಸಲಿಲ್ಲ. ಬೇರೆ ಕಡೆ ನೋಡಲಿಲ್ಲ. ಕಣ್ಣಲ್ಲಿ ನಿಜವಾದ ನೀರಿತ್ತು. ಈ ಮೂರು ವರ್ಷದಲ್ಲಿ ಯಾವಾಗಲೋ ಅವನು ಆ ಮಾತನ್ನು ತಾನೇ ನಂಬಿಬಿಟ್ಟಿದ್ದ. ಆ ನಾಜಲ್ಲನ್ನು ತಿರುಗಿ ಕೊಟ್ಟವನು ಈಗ ನನ್ನೊಬ್ಬಳ ನೆನಪಿನಲ್ಲಿ ಮಾತ್ರ ಇದ್ದ. ಸುಳ್ಳುಗಾರನ ಜೊತೆ ಜಗಳವಾಡಬಹುದು, ಇವನ ಜೊತೆ ಏನು ಮಾಡಲಿ?

ಬೀಗರ ಕಡೆಯ ಒಬ್ಬ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಬಂದು ನನ್ನ ಗಲ್ಲ ಹಿಡಿದರು. "ಎಂಥ ಅಣ್ಣನ್ನ ಪಡ್ಕೊಂಡು ಬಂದಿದೀಯಮ್ಮ. ನಿನ್ನ ಮುರಿದ ಕಾಲಿಗೆ ಬೆಸುಗೆ ಹಾಕ್ದೋನು."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅಣ್ಣನೂ.

"ಹೌದಜ್ಜಿ," ಅಂದೆ.